ಬೇರಿನ ಬಾಗಿಲು

ಸಹ್ಯಾದ್ರಿಯಲ್ಲಿ ಹುಟ್ಟಿ ಹರಿದುಬರುವ ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಒಂದಾಗುತ್ತವೆ. ಬಸವಣ್ಣನವರ ಐಕ್ಯಸ್ಥಳವೆಂದು ಈ ಕ್ಷೇತ್ರವು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೆ ಚಾಚುವುದರಿಂದ ಐಕ್ಯಮಂಟಪದ ಸುತ್ತಲೂ ಬಾವಿಯಂತೆ ದುಂಡನೆಯ ಗೋಡೆಯನ್ನು ಕಟ್ಟಲಾಗಿದೆ. ಹೊರಗೆ ನದಿಯ ನೀರು ಏರಿ ನಿಂತಿದ್ದರೂ ಯಾತ್ರಿಕರು ಮೆಟ್ಟಿಲುಗಳನ್ನಿಳಿದು ಮಂಟಪದ ದರ್ಶನವನ್ನು ಪಡೆಯುತ್ತಾರೆ.

ಈ ಸೀಮೆಯ ಎರೆಹೊಲಗಳಲ್ಲಿ ಬೆಳೆಯುವ ಜೋಳ, ಕಡಲೆ, ಸೂರ್ಯಕಾಂತಿ ಗಿಡಗಳ ಬೇರುಗಳಲ್ಲಿಯೂ ಹೊರಗಿನ ನೀರಿಗೂ ಒಳಗಿನ ಜೀವಕ್ಕೂ ನಡುವೆ ಒಂದು ಎಲ್ಲೆಯಿದೆ. ಅದೇ ಜೀವಕೋಶದ ಪೊರೆ. ಆದರೆ ಅದು ಕೇವಲ ತಡೆಗೋಡೆಯಲ್ಲ. ಬೇಕಾದುದನ್ನು ಆರಿಸಿ ಒಳಕ್ಕೆ ತೆಗೆದುಕೊಳ್ಳುವ ಬಾಗಿಲುಗಳೂ ಅದರಲ್ಲಿವೆ. ಆ ಬಾಗಿಲುಗಳು ಕೆಲಸ ಮಾಡುವ ಬಗೆಯನ್ನು ಅರಿತರೆ, ಗೊಬ್ಬರ ಹಾಕಿ ನೀರುಣಿಸಿದ ಹೊಲದಲ್ಲಿಯೂ ಪೈರು ಕೆಲವೊಮ್ಮೆ ಏಕೆ ಹಳದಿಯಾಗುತ್ತದೆ ಎಂಬುದು ತಿಳಿಯುತ್ತದೆ.

ಸಸ್ಯವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆಯುತ್ತದೆ. ಆದರೆ ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಮೊದಲಾದ ಧಾತುಗಳನ್ನು ಅದು ಮಣ್ಣಿನಿಂದಲೇ ಪಡೆಯಬೇಕು. ಇವುಗಳ ಲವಣಗಳು ಮಣ್ಣಿನ ನೀರಿನಲ್ಲಿ ಕರಗಿದಾಗ ವಿದ್ಯುದಂಶವುಳ್ಳ ಕಣಗಳಾಗಿ ಬೇರ್ಪಡುತ್ತವೆ. ಈ ಕಣಗಳಿಗೆ ಅಯಾನುಗಳೆಂದು ಹೆಸರು. ಪೊಟ್ಯಾಸಿಯಂ ಅಯಾನು ಧನ ವಿದ್ಯುದಂಶವುಳ್ಳದ್ದು. ಸಾರಜನಕವನ್ನು ಒದಗಿಸುವ ನೈಟ್ರೇಟ್ ಅಯಾನು ಋಣ ವಿದ್ಯುದಂಶವುಳ್ಳದ್ದು.

ಬೇರಿನ ತುದಿಯ ಬಳಿಯಲ್ಲಿರುವ ನವುರಾದ ಬೇರುರೋಮಗಳು ಮಣ್ಣಿನ ಕಣಗಳ ಸಂದಿಗಳಲ್ಲಿ ನುಸುಳಿಕೊಂಡಿರುತ್ತವೆ. ಅವುಗಳ ಹೊರಗಿನ ಕೋಶಭಿತ್ತಿಯನ್ನು ಅಯಾನುಗಳು ಸುಲಭವಾಗಿ ದಾಟುತ್ತವೆ. ಭಿತ್ತಿಯ ಒಳಬದಿಗೆ ಅಂಟಿಕೊಂಡಿರುವ ಪೊರೆಯ ಸಂಗತಿ ಹಾಗಲ್ಲ. ಅದರ ದಪ್ಪವು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟೂ ಇಲ್ಲ. ಆದರೂ ಅದು ಮುಖ್ಯವಾಗಿ ಕೊಬ್ಬಿನಂಥ ವಸ್ತುವಿನ ಎರಡು ಪದರಗಳಿಂದ ಆಗಿರುವುದರಿಂದ ವಿದ್ಯುದಂಶವುಳ್ಳ ಅಯಾನುಗಳು ಅದರಲ್ಲಿ ನೇರವಾಗಿ ತೂರಲಾರವು. ಪದರಗಳ ನಡುವೆ ಅಲ್ಲಲ್ಲಿ ನೆಟ್ಟಂತಿರುವ ಪ್ರೋಟೀನುಗಳೇ ಅವುಗಳಿಗೆ ದಾರಿ.

ಕರಗಿದ ವಸ್ತುವು ಹೆಚ್ಚಾಗಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾನಾಗಿಯೇ ಹರಡುವುದು ನಿಸರ್ಗದ ನಿಯಮ. ಇದಕ್ಕೆ ವಿಸರಣವೆಂದು ಹೆಸರು. ಬೇರು ಈ ನಿಯಮವೊಂದನ್ನೇ ನಂಬಿಕೊಂಡಿದ್ದರೆ ಅದರೊಳಗೂ ಹೊರಗೂ ಲವಣಗಳು ಒಂದೇ ಪ್ರಮಾಣದಲ್ಲಿರಬೇಕಾಗಿತ್ತು. ಆದರೆ ಹಾಗಿಲ್ಲ. ಅಮೆರಿಕದ ವಿಜ್ಞಾನಿಗಳಾದ ಹೋಗ್ಲಂಡ್ ಮತ್ತು ಡೇವಿಸ್ 1923ರಲ್ಲಿ ನೈಟೆಲ್ಲ ಎಂಬ ಕೊಳದ ಪಾಚಿಯ ಕೋಶರಸವನ್ನು ಪರೀಕ್ಷಿಸಿದರು. ಕೋಶರಸದಲ್ಲಿ ಲವಣಗಳು ಸುತ್ತಲಿನ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿದ್ದುವು. ಅದರಲ್ಲಿಯೂ ಪೊಟ್ಯಾಸಿಯಂ, ಸೋಡಿಯಂಗಿಂತ ಬಹಳ ಹೆಚ್ಚಿನ ಪಟ್ಟಿನಲ್ಲಿ ಸಂಗ್ರಹವಾಗಿತ್ತು. ಜೀವಕೋಶವು ಅಯಾನುಗಳನ್ನು ಕೂಡಿಡುತ್ತದೆ, ಕೂಡಿಡುವಾಗ ಆರಿಸಿಕೊಳ್ಳುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು. 1952ರಲ್ಲಿ ಎಪ್‌ಸ್ಟೈನ್ ಮತ್ತು ಹೇಗನ್ ಎಂಬ ವಿಜ್ಞಾನಿಗಳು ಬಾರ್ಲಿಯ ಬೇರುಗಳ ಮೇಲೆ ವಿಕಿರಣಶೀಲ ರುಬಿಡಿಯಂನಿಂದ ಪ್ರಯೋಗ ನಡೆಸಿ, ಅಯಾನುಗಳನ್ನು ಒಳಕ್ಕೊಯ್ಯುವ ವಾಹಕಗಳು ಪೊರೆಯಲ್ಲಿರಬೇಕೆಂಬ ವಿಚಾರಕ್ಕೆ ಬಲ ತಂದರು.

ಕಾಲುವೆಯ ನೀರು ತಗ್ಗಿಗೆ ತಾನೇ ಹರಿಯುತ್ತದೆ. ಬಾವಿಯ ನೀರನ್ನು ಮೇಲೆತ್ತಬೇಕಾದರೆ ಎತ್ತುಗಳೋ ಯಂತ್ರವೋ ದುಡಿಯಲೇಬೇಕು. ಅಂತೆಯೇ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಅಯಾನುಗಳನ್ನು ಸಾಗಿಸಲು ಶಕ್ತಿಯನ್ನು ವ್ಯಯಿಸಬೇಕು. ಇದೇ ಸಕ್ರಿಯ ಹೀರಿಕೆ. ಪೊರೆಯಲ್ಲಿರುವ ಒಂದು ಬಗೆಯ ಪ್ರೋಟೀನು ಎಟಿಪಿ ಎಂಬ ವಸ್ತುವಿನಿಂದ ಶಕ್ತಿಯನ್ನು ಪಡೆದು, ಜಲಜನಕದ ಅಯಾನುಗಳನ್ನು ಪಂಪಿನಂತೆ ಹೊರಕ್ಕೆ ತಳ್ಳುತ್ತದೆ. ಇದರಿಂದ ಕೋಶದ ಒಳಭಾಗವು ಹೊರಭಾಗಕ್ಕಿಂತ ಋಣವಾಗುತ್ತದೆ. ಆಗ ಪೊಟ್ಯಾಸಿಯಂನಂಥ ಧನ ಅಯಾನುಗಳು ತಮಗಾಗಿಯೇ ಇರುವ ನಾಳಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತವೆ. ಋಣ ಅಯಾನಾದ ನೈಟ್ರೇಟಿಗೆ ಬೇರೊಂದು ಉಪಾಯವಿದೆ. ಆಲಮಟ್ಟಿಯಲ್ಲಿ ತಡೆದ ನೀರು ಕೆಳಗಿಳಿಯುವಾಗ ವಿದ್ಯುತ್ ಯಂತ್ರವನ್ನು ತಿರುಗಿಸುವಂತೆ, ಹೊರದೂಡಿದ ಜಲಜನಕದ ಅಯಾನುಗಳು ಮರಳಿ ಒಳಬರುವಾಗ ನೈಟ್ರೇಟನ್ನೂ ತಮ್ಮೊಡನೆ ಕರೆತರುತ್ತವೆ.

ಈ ಪಂಪಿಗೆ ಬೇಕಾದ ಎಟಿಪಿ ದೊರೆಯುವುದು ಉಸಿರಾಟದಿಂದ. ಎಲೆಗಳಂತೆ ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಸಂದುಗಳಲ್ಲಿ ಗಾಳಿಯಿದ್ದರೆ ಮಾತ್ರ ಅವುಗಳಿಗೆ ಸಾಕಷ್ಟು ಆಮ್ಲಜನಕ ಸಿಗುತ್ತದೆ. ಹೊಲದಲ್ಲಿ ನೀರು ಬಹಳ ದಿನ ನಿಂತರೆ ಗಾಳಿಯ ಜಾಗವನ್ನೆಲ್ಲ ನೀರು ತುಂಬಿಕೊಳ್ಳುತ್ತದೆ. ಉಸಿರಾಟ ಕುಂದುತ್ತದೆ, ಪಂಪು ನಿಧಾನವಾಗುತ್ತದೆ. ಆಗ ಗೊಬ್ಬರವು ಬೇರಿನ ಪಕ್ಕದಲ್ಲಿಯೇ ಇದ್ದರೂ ಗಿಡವು ಹಸಿದಿರುತ್ತದೆ.

ಎರೆಮಣ್ಣು ಜಿಗುಟಾದದ್ದು, ನೀರನ್ನು ಬೇಗ ಬಸಿದುಹೋಗಗೊಡದು. ಮಲಪ್ರಭಾ, ಘಟಪ್ರಭಾ ಮತ್ತು ಕೃಷ್ಣಾ ಕಾಲುವೆಗಳು ಬಂದ ಮೇಲೆ ಕೆಲವು ಕಡೆ ಮಿತಿಮೀರಿ ನೀರು ಹಾಯಿಸಿದುದರಿಂದ ಅಂತರ್ಜಲವು ಮೇಲೇರಿತು. ಆ ನೀರು ನೆಲದ ಮೇಲ್ಭಾಗಕ್ಕೆ ಬಂದು ಬಿಸಿಲಿಗೆ ಆವಿಯಾಗಿ, ತನ್ನಲ್ಲಿದ್ದ ಉಪ್ಪನ್ನು ಅಲ್ಲಿಯೇ ಬಿಟ್ಟಿತು. ಹೀಗೆ ಬಂಗಾರದಂಥ ಭೂಮಿ ಸವಳು ಜವಳಾಯಿತು. ಸವಳು ಭೂಮಿಯಲ್ಲಿ ಬೇರಿನ ಕಷ್ಟ ಇಮ್ಮಡಿ. ಉಪ್ಪು ಹೆಚ್ಚಾದಂತೆ ನೀರನ್ನು ಹೀರುವುದೇ ಕಠಿಣವಾಗುತ್ತದೆ. ಅಲ್ಲದೆ ಪೊಟ್ಯಾಸಿಯಂನ್ನು ಹೋಲುವ ಸೋಡಿಯಂ ಬಾಗಿಲಲ್ಲಿ ಮುತ್ತಿಕೊಂಡು ಒಳನುಗ್ಗುತ್ತದೆ. ಅದನ್ನು ಮತ್ತೆ ಹೊರಹಾಕಲು ಕೋಶವು ಇನ್ನಷ್ಟು ಶಕ್ತಿಯನ್ನು ವ್ಯಯಿಸಬೇಕಾಗುತ್ತದೆ.

ಕೆಲವೊಮ್ಮೆ ಮಣ್ಣಿನಲ್ಲಿ ಧಾತುವು ಹೇರಳವಾಗಿದ್ದರೂ ಬೇರಿಗೆ ಎಟುಕುವುದಿಲ್ಲ. ಸುಣ್ಣದ ಅಂಶ ಹೆಚ್ಚಾಗಿರುವ ಎರೆಮಣ್ಣಿನಲ್ಲಿ ಕಬ್ಬಿಣವು ಕರಗದ ರೂಪದಲ್ಲಿರುತ್ತದೆ. ಶೇಂಗಾ ಗಿಡದ ಬೇರು ಆಮ್ಲವನ್ನು ಹೊರಬಿಟ್ಟು ಅದನ್ನು ಕರಗಿಸಲು ಯತ್ನಿಸುತ್ತದೆ. ಆದರೆ ಸುಣ್ಣವು ಆ ಆಮ್ಲವನ್ನು ನಿಷ್ಫಲಗೊಳಿಸುತ್ತದೆ. ಆಗ ನರಗಳು ಹಸಿರಾಗಿದ್ದು ಎಳೆಯ ಎಲೆಗಳು ಹಳದಿಯಾಗುತ್ತವೆ. ಅನ್ನಭೇದಿಯ ತಿಳಿಯಾದ ದ್ರಾವಣವನ್ನು ಎಲೆಗಳ ಮೇಲೆ ಸಿಂಪಡಿಸುವುದು ಇದಕ್ಕೆ ಪರಿಹಾರ. ಹುಲ್ಲಿನ ಜಾತಿಯ ಬೆಳೆಗಳ ಮಾರ್ಗ ಬೇರೆ. ಅವುಗಳ ಬೇರು ಕಬ್ಬಿಣವನ್ನು ಹಿಡಿದುಕೊಳ್ಳುವ ವಸ್ತುವೊಂದನ್ನು ಸ್ರವಿಸಿ, ಎರಡನ್ನೂ ಒಟ್ಟಾಗಿ ಹೀರಿಕೊಳ್ಳುತ್ತದೆ. ಓಟ್ಸ್ ಮತ್ತು ಭತ್ತದ ಬೇರುಗಳು ಇಂಥ ವಸ್ತುವನ್ನು ಹೊರಬಿಡುವುದನ್ನು ಜಪಾನಿನ ತಕಾಗಿ ಎಂಬ ವಿಜ್ಞಾನಿ 1976ರಲ್ಲಿ ಪ್ರಕಟಪಡಿಸಿದರು.

ಆದುದರಿಂದ ನೀರು ಹೆಚ್ಚಾದಷ್ಟೂ ಬೆಳೆ ಹೆಚ್ಚೆಂದು ಭಾವಿಸುವುದು ತಪ್ಪು. ಹೊಲದ ಅಂಚಿನಲ್ಲಿ ಬಸಿಗಾಲುವೆ ತೋಡಿ ಹೆಚ್ಚಿನ ನೀರನ್ನೂ ಉಪ್ಪನ್ನೂ ಹೊರಹಾಕುವ ರೈತನು ಬೇರಿಗೆ ಉಸಿರನ್ನೇ ಕೊಡುತ್ತಾನೆ. ಎರಡು ನದಿಗಳ ನೀರು ಹೊಲದವರೆಗೆ ಬಂದರೂ ಅನ್ನವಾಗಬೇಕಾದರೆ ಅದು ಕಣ್ಣಿಗೆ ಕಾಣದ ಆ ಪೊರೆಯ ಬಾಗಿಲನ್ನು ದಾಟಲೇಬೇಕು. ಆ ಬಾಗಿಲನ್ನು ಕಾಯ್ದುಕೊಳ್ಳುವುದೇ ನೆಲವನ್ನು ಕಾಯ್ದುಕೊಳ್ಳುವ ಮಾರ್ಗ.