ಕೆರೆಯ ದಡದ ಬಾಡಿಗೆಯ ಕುಟೀರ

ಮನೆಯವರಿಗೆ ವಿಶ್ರಾಂತಿಯನ್ನು ಒದಗಿಸುವುದೂ ಗೃಹಸ್ಥನ ಕರ್ತವ್ಯವು. ಬೀದರ, ಭಾಲ್ಕಿ, ಔರಾದಗಳ ನಮ್ಮವರು ರಜೆ ಬಂದೊಡನೆ ದೂರದ ಗಿರಿಧಾಮಗಳನ್ನು ನೆನೆಯುವುದುಂಟು. ಆದರೆ ಬೀದರ ನಗರಕ್ಕೆ ಅನತಿದೂರದಲ್ಲಿ, ವಿಲಾಸಪುರದ ಕೆರೆಯ ದಡದಲ್ಲಿಯೇ, ಪ್ರವಾಸಿಗಳ ವಾಸಕ್ಕೆಂದು ಕುಟೀರಗಳನ್ನು ಕಟ್ಟಿರುವರು. ಆ ವಸತಿಗೆ ಕೃಷ್ಣಮೃಗದ ಹೆಸರನ್ನಿಟ್ಟಿರುವುದು ಯುಕ್ತವೇ ಸರಿ. ಆ ಸೀಮೆಯ ಬಯಲುಗಳಲ್ಲಿ ಆ ಮೃಗಗಳು ಮೇಯುವುವು.

ಇಂತಹ ಕುಟೀರಕ್ಕೆ ಹಣ ತೆರುವ ಮೊದಲು ಯಜಮಾನನು ಕೆಲವನ್ನು ವಿಚಾರಿಸತಕ್ಕದ್ದು. ನೀರಿನ ಕಡೆಗೆ ಬೇಲಿಯುಂಟೆ? ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಕೊಡುವರೆ? ರಾತ್ರಿ ಕಾವಲುಗಾರನಿರುವನೆ? ಕೆರೆಯ ತಳದ ಕೆಸರು ಮೇಲಿನಿಂದ ಕಾಣದು. ಈಜು ಬಲ್ಲವನೂ ಅದರಲ್ಲಿ ಸಿಕ್ಕಿಕೊಳ್ಳಬಹುದು. ಆದುದರಿಂದ ಮಕ್ಕಳನ್ನು ಒಂಟಿಯಾಗಿ ದಡಕ್ಕೆ ಕಳುಹಲಾಗದು.

ಇನ್ನೊಂದು ಮಾತು. ನಾವು ಬಾಡಿಗೆ ತೆರುವುದು ಸೂರಿಗೆ, ಕೆರೆಗಲ್ಲ. ಕೆರೆಯು ದನಗಾಹಿಗೂ ಹಕ್ಕಿಗೂ ಮೃಗಕ್ಕೂ ಸೇರಿದುದು. ಕೃಷ್ಣಮೃಗದ ಬೇಟೆಯನ್ನು 1972ರ ವನ್ಯಜೀವಿ ಶಾಸನವು ನಿಷೇಧಿಸಿರುವುದು. ಅದಕ್ಕೂ ಬಹುಪೂರ್ವದಲ್ಲಿಯೇ, ಕಾಳಿದಾಸನ ಶಾಕುಂತಲದ ಮೊದಲನೆಯ ಅಂಕದಲ್ಲಿ, ತಪಸ್ವಿಯೊಬ್ಬನು ತಡೆದುದರಿಂದ ಅರಸನು ಜಿಂಕೆಗೆ ಹೂಡಿದ ಬಾಣವನ್ನು ಇಳಿಸಿದನು. ಇಂದು ನಮ್ಮ ಕೈಯಲ್ಲಿ ಬಾಣವಿಲ್ಲ. ಧ್ವನಿವರ್ಧಕವೂ ಪ್ಲಾಸ್ಟಿಕ್ ಚೀಲವೂ ಇರುವುವು. ಯಾರೂ ತಡೆಯುವ ಮೊದಲೇ ಅವನ್ನು ಇಳಿಸುವ ಕುಟುಂಬವು ಆ ಕೆರೆಗೆ ಮರುವರ್ಷವೂ ಸಲ್ಲುವ ಅತಿಥಿಯಾಗುವುದು.