ಹಗ್ಗ ಬೇರೆ ಹಲಗೆಗೆ ಕಟ್ಟಿದಾಗ

ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಊರು ಹಾಸನದ ಕಡೆ. ರಜೆಗೆ ಹೊರಟಾಗ ಸೆಕ್ಟರ್ ಫೈವ್‌ನಲ್ಲಿ ಮೆಟ್ರೊ ಹತ್ತಿ, ಹೂಗ್ಲಿ ನದಿಯ ಅಡಿಯಲ್ಲಿ ಹಾದು ಹೌರಾದಲ್ಲಿ ಇಳಿದು, ಅಲ್ಲಿಂದ ಬೆಂಗಳೂರು ರೈಲು ಹಿಡಿಯುತ್ತಾರೆ. ಮೆಟ್ರೊದಲ್ಲಿ ಕೂತಾಗ ಇಲ್ಲದ ಭಯ ಒಡಿಶಾದ ಬಾಲೇಶ್ವರ ಹತ್ತಿರ ಬಂದಾಗ ಹುಟ್ಟುತ್ತದಂತೆ. ‘ಹಸಿರು ದೀಪ ಕೊಟ್ಟ ಮೇಲೂ ರೈಲು ತಪ್ಪು ಹಳಿಗೆ ಹೋಗಲು ಹೇಗೆ ಸಾಧ್ಯ? ಅದನ್ನು ತಡೆಯಲೆಂದೇ ಯಂತ್ರ ಇದೆಯಲ್ಲವೇ?’

ಯಂತ್ರ ಇದೆ. ಅದು ನೂರೈವತ್ತು ವರ್ಷಕ್ಕೂ ಹಳೆಯದು. ಅದಕ್ಕೇ ಈ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ.

2023ರ ಜೂನ್ 2ರ ಸಂಜೆ, ಏಳು ಗಂಟೆಗೆ ಇನ್ನೇನು ಕೆಲವೇ ನಿಮಿಷ. ಶಾಲಿಮಾರ್‌ನಿಂದ ಚೆನ್ನೈಗೆ ಹೊರಟ ಕೋರಮಂಡಲ್ ಎಕ್ಸ್‌ಪ್ರೆಸ್ ಗಂಟೆಗೆ 128 ಕಿ.ಮೀ. ವೇಗದಲ್ಲಿ ಅದೇ ಬಾಲೇಶ್ವರ ಹತ್ತಿರದ ಬಹನಗಾ ಬಜಾರ್ ಸ್ಟೇಷನ್ ದಾಟುತ್ತಿತ್ತು. ಅಲ್ಲಿ ಅದು ನಿಲ್ಲುವ ಗಾಡಿಯಲ್ಲ. ಮೇನ್ ಲೈನಿಗೆ ಹಸಿರು ಬಿದ್ದಿತ್ತು. ಆದರೆ ಪಾಯಿಂಟ್ ಗಾಡಿಗಳನ್ನು ನಿಲ್ಲಿಸುವ ಬದಿಯ ಹಳಿಯಾದ ಲೂಪ್ ಲೈನಿನ ಕಡೆ ತಿರುಗಿತ್ತು. ಲೂಪ್‌ನಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿ ನಿಂತಿತ್ತು. ಡಿಕ್ಕಿಯ ರಭಸಕ್ಕೆ ಚೆಲ್ಲಾಪಿಲ್ಲಿಯಾದ ಬೋಗಿಗಳು ಪಕ್ಕದ ಹಳಿಗೂ ಬಿದ್ದವು. ಅದೇ ಗಳಿಗೆಯಲ್ಲಿ ಆ ಹಳಿಯಲ್ಲಿ ಎದುರಿನಿಂದ ಹಾದುಹೋಗುತ್ತಿದ್ದದ್ದು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಸೂಪರ್‌ಫಾಸ್ಟ್. ಅದರ ಕೊನೆಯ ಬೋಗಿಗಳು ಸಿಕ್ಕಿಕೊಂಡವು. ಒಟ್ಟು 290ಕ್ಕೂ ಹೆಚ್ಚು ಜನ ಸತ್ತರು.

ಇಲ್ಲಿ ಪಾಯಿಂಟ್, ಸಿಗ್ನಲ್, ಇಂಟರ್‌ಲಾಕಿಂಗ್ ಎಂಬ ಮೂರು ಮಾತು ಬರುತ್ತವೆ. ನಮ್ಮ ಕೆರೆ ಬಯಲನ್ನು ಕಂಡವರಿಗೆ ಇವನ್ನು ಬೇರೆ ರೀತಿಯಲ್ಲಿ ಹೇಳಬಹುದು.

ಕೆರೆ ಏರಿಯ ಮೇಲೆ ನೀರಗಂಟಿ ನಿಂತಿದ್ದಾನೆ. ಅವನ ಕೈಯಲ್ಲಿ ತೂಬಿನ ಕಂಬಿ. ತೂಬು ಎತ್ತಿದರೆ ಕಾಲುವೆಗೆ ನೀರು. ಅರ್ಧ ಮೈಲಿ ಆಚೆ, ತೋಟದ ಹಿಂದೆ, ಕಾಲುವೆ ಎರಡು ಕವಲಾಗುತ್ತದೆ. ಬಲಗವಲಿನ ಗದ್ದೆಯಲ್ಲಿ ಕೊಯ್ದ ತೆನೆ ಹರಡಿದೆ. ಅಲ್ಲಿಗೆ ನೀರು ಹೋಗಕೂಡದು, ಹಲಗೆ ಹಾಕಿ ಮುಚ್ಚಿರಬೇಕು. ಏರಿಯ ಮೇಲೆ ನಿಂತವನಿಗೆ ಕವಲು ಕಾಣುವುದಿಲ್ಲ. ಹಾಗಾಗಿ ಹಲಗೆಯಿಂದ ಒಂದು ಹಗ್ಗ ಎಳೆದು ಏರಿಯ ಮೇಲಿನ ಬಾವುಟಕ್ಕೆ ಕಟ್ಟಿದ್ದಾರೆ. ಹಲಗೆ ಸರಿಯಾಗಿ ಕೂತರೆ ಬಾವುಟ ಮೇಲೇಳುತ್ತದೆ. ಇನ್ನೂ ಒಂದು ಜಾಣತನವಿದೆ: ಬಾವುಟ ಮೇಲೆದ್ದ ಹೊರತು ತೂಬಿನ ಕಂಬಿ ಅಲುಗುವುದೇ ಇಲ್ಲ. ನೀರಗಂಟಿ ನಿದ್ದೆಗಣ್ಣಲ್ಲಿದ್ದರೂ, ಯಾರದೋ ಜಗಳದಲ್ಲಿ ಮನಸ್ಸು ಕೆಟ್ಟಿದ್ದರೂ ತಪ್ಪು ಮಾಡಲು ಯಂತ್ರವೇ ಬಿಡುವುದಿಲ್ಲ. ಕವಲು ಪಾಯಿಂಟ್, ತೂಬು ಸಿಗ್ನಲ್, ಒಂದಕ್ಕೊಂದು ಬಿಗಿದ ಆ ಕಟ್ಟು ಇಂಟರ್‌ಲಾಕಿಂಗ್.

ಹೀಗೆ ಬಿಗಿಯುವ ಉಪಾಯಕ್ಕೆ 1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ಪಡೆದ. ಆಗ ಅದು ಕಬ್ಬಿಣದ ಲಿವರುಗಳ ಸಾಲು. ಇಪ್ಪತ್ತು ವರ್ಷದ ನಂತರ, 1876ರ ಜನವರಿಯಲ್ಲಿ, ಅಬಟ್ಸ್ ರಿಪ್ಟನ್ ಎಂಬಲ್ಲಿ ಹಿಮ ಸುರಿದು ಸಿಗ್ನಲ್ಲಿನ ಕೈಮರ ‘ದಾರಿ ಬಿಟ್ಟಿದೆ’ ಎನ್ನುವ ಭಂಗಿಯಲ್ಲೇ ಹೆಪ್ಪುಗಟ್ಟಿತು. ಸಿಗ್ನಲ್ ಕೋಣೆಯ ಒಳಗಿದ್ದವನು ಲಿವರ್ ಎಳೆದರೂ ಕೈ ಏಳಲಿಲ್ಲ. ಎಕ್ಸ್‌ಪ್ರೆಸ್ ಹೋಗಿ ಕಲ್ಲಿದ್ದಲು ಗಾಡಿಗೆ ಗುದ್ದಿತು. ಅಲ್ಲಿಯವರೆಗೆ ಆ ಲೈನಿನ ಕೈಮರಗಳು ಸದಾ ‘ಬಾ’ ಎನ್ನುತ್ತಿದ್ದವು, ಅಪಾಯವಿದ್ದಾಗ ಮಾತ್ರ ‘ನಿಲ್ಲು’ ಎನ್ನುತ್ತಿದ್ದವು. ಆಮೇಲೆ ಕ್ರಮವನ್ನೇ ತಿರುವಿದರು. ಏನೂ ಗೊತ್ತಿಲ್ಲದಿದ್ದರೆ ನಿಲ್ಲು. ಅದಕ್ಕೂ ಮೊದಲೇ, 1872ರಲ್ಲಿ, ಅಮೆರಿಕದ ವಿಲಿಯಂ ರಾಬಿನ್ಸನ್ ಹಳಿಯಲ್ಲೇ ವಿದ್ಯುತ್ ಹರಿಸಿ ಇದೇ ತತ್ವವನ್ನು ಸಾಧಿಸಿದ್ದ. ಗಾಡಿ ಬಂದರೂ ಹಳಿ ಮುರಿದರೂ ಬ್ಯಾಟರಿ ಸತ್ತರೂ ಆ ವಿದ್ಯುತ್ತು ಎತ್ತಿ ಹಿಡಿದ ಸ್ವಿಚ್ಚು, ಅಂದರೆ ರಿಲೇ, ಕೆಳಗೆ ಬೀಳುತ್ತದೆ, ದೀಪ ಕೆಂಪಾಗುತ್ತದೆ. ಮನುಷ್ಯ ಮಾಡಿದ ಅತ್ಯಂತ ವಿವೇಕದ ವಸ್ತುಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ. ನಮ್ಮ ಕೆರೆಯಲ್ಲೂ ಹಾಗೆಯೇ: ಹಗ್ಗ ಹರಿದರೆ ಬಾವುಟ ಬೀಳುತ್ತದೆ, ತೂಬು ಬಿಗಿಯುತ್ತದೆ.

ಆದರೆ ಹಗ್ಗ ಹರಿಯದೆ, ಯಾರೋ ರಿಪೇರಿಗೆ ಬಂದವರು ಅದನ್ನು ಬಿಚ್ಚಿ, ಬೇರೆ ಕವಲಿನ ಹಲಗೆಗೆ ಕಟ್ಟಿಬಿಟ್ಟರೆ? ಆ ಹಲಗೆ ಮುಚ್ಚಿದೆ. ಹಗ್ಗ ಬಿಗಿಯಾಗಿದೆ. ಬಾವುಟ ಮೇಲೆದ್ದಿದೆ. ತೂಬು ಸಲೀಸಾಗಿ ಏಳುತ್ತದೆ. ನೀರು ಮಾತ್ರ ತೆನೆಯ ಗದ್ದೆಗೆ.

ಬಹನಗಾದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಅಂದು ಸಂಜೆ ಸ್ಟೇಷನ್ ಪಕ್ಕದ 94ನೇ ನಂಬರ್ ಗೇಟಿನಲ್ಲಿ ವಿದ್ಯುತ್ ತಡೆಗಂಬ ಬದಲಿಸುವ ಕೆಲಸ ನಡೆದಿತ್ತು. ಹಳಿ ಪಕ್ಕದ ಪೆಟ್ಟಿಗೆಯಲ್ಲಿ ವೈರುಗಳ ತುದಿಗೆ ಬರೆದ ಗುರುತುಗಳು ಮೊದಲೇ ತಪ್ಪಾಗಿದ್ದವು. ಹಿಂದೊಮ್ಮೆ ಸರ್ಕ್ಯೂಟ್ ಬದಲಿಸಿದಾಗ ಉಳಿದ ಲೋಪ ಅದು. ಆ ಗುರುತು ನಂಬಿ ಜೋಡಿಸಿದ ವೈರು ‘ಪಾಯಿಂಟ್ ಮೇನ್ ಲೈನಿಗೇ ಇದೆ’ ಎಂದು ರಿಲೇಗೆ ಸುಳ್ಳು ಹೇಳಿತು. ಸ್ಟೇಷನ್ ಮಾಸ್ಟರ್ ಪ್ಯಾನೆಲ್‌ನಲ್ಲಿ ಎಲ್ಲ ಸರಿಯಾಗಿ ಕಂಡಿತು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಹಿಂದಿನ ಸರ್ಕ್ಯೂಟ್ ಬದಲಾವಣೆಯ ಲೋಪ ಮತ್ತು ಅಂದಿನ ಗೇಟ್ ಕೆಲಸದ ಲೋಪ, ಎರಡನ್ನೂ ಹೆಸರಿಸಿತು. ಗೇಟ್ 79ಕ್ಕೆ ಬರೆದ ನಕ್ಷೆ ಹಿಡಿದು ಗೇಟ್ 94ರ ಕೆಲಸ ಮಾಡಿದರು ಎಂಬುದು ಸಿಬಿಐ ಆರೋಪ. ಸಿಗ್ನಲ್ ವಿಭಾಗದ ಮೂವರನ್ನು ಬಂಧಿಸಲಾಯಿತು.

‘ಮನುಷ್ಯನ ತಪ್ಪು’ ಎಂದು ಪತ್ರಿಕೆಗಳು ಬರೆದವು. ಸುಳ್ಳಲ್ಲ. ಆದರೆ ಆ ಮಾತಿನಲ್ಲಿ ನಿಂತರೆ ವಿಷಯ ಕೈ ತಪ್ಪುತ್ತದೆ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್‌ನಲ್ಲಿ 35 ಜನ ಸತ್ತರು. ಅಲ್ಲೂ ಹೊಸ ಸಿಗ್ನಲ್ ಕೂರಿಸುವಾಗ ಹಳೆಯ ವೈರೊಂದರ ತುದಿಯನ್ನು ಕತ್ತರಿಸದೆ ಬಿಟ್ಟಿದ್ದರು. ಅದು ಹಳೆಯ ಜಾಗಕ್ಕೇ ತಾಗಿ ಕೆಂಪಾಗಬೇಕಾದ ಸಿಗ್ನಲ್ಲನ್ನು ಹಾಗೆಯೇ ಬಿಟ್ಟಿತು. ವಿಚಾರಣೆ ನಡೆಸಿದ ಆಂಥನಿ ಹಿಡನ್ ಆ ಕೆಲಸಗಾರನ ಕೈಯೊಂದನ್ನೇ ನೋಡಲಿಲ್ಲ. ಹದಿಮೂರು ವಾರಗಳಲ್ಲಿ ಅವನಿಗೆ ಸಿಕ್ಕ ರಜೆ ಒಂದೇ ದಿನ. ಕೆಲಸ ಮುಗಿದ ಮೇಲೆ ಬೇರೊಬ್ಬರು ವೈರುಗಳನ್ನು ಎಣಿಸಿ ನೋಡಬೇಕಿತ್ತು, ನೋಡಿರಲಿಲ್ಲ.

ರೈಲಿನ ಸಿಗ್ನಲ್ ಕೆಲಸ ಮಾಡುತ್ತಿರುವಾಗ ಅಷ್ಟು ಅಪಾಯವಿಲ್ಲ. ಅದನ್ನು ಬಿಚ್ಚಿ ಮತ್ತೆ ಕಟ್ಟುವ ಆ ಕೆಲವು ಗಂಟೆಗಳಲ್ಲಿ ಸ್ಯಾಕ್ಸ್‌ಬಿಯ ಬೀಗ ಇರುವುದಿಲ್ಲ, ಮನುಷ್ಯನ ಕಣ್ಣು ಮತ್ತು ಕಾಗದ ಮಾತ್ರ ಇರುತ್ತವೆ. ಮತ್ತೆ ಜೋಡಿಸಿದ ಮೇಲೆ ಒಬ್ಬರು ಪ್ಯಾನೆಲ್ ಮುಂದೆ ಕೂತು, ಇನ್ನೊಬ್ಬರು ಪಾಯಿಂಟಿನ ಬಳಿ ನಿಂತು, ‘ಇಲ್ಲಿ ಹೀಗೆ ಕಾಣುತ್ತಿದೆ, ಅಲ್ಲಿ ಹೇಗಿದೆ?’ ಎಂದು ಕೂಗಿ ತಾಳೆ ನೋಡಿದರೆ ಸುಳ್ಳು ಹಗ್ಗ ಆಗಲೇ ಸಿಕ್ಕಿಬೀಳುತ್ತದೆ.

ಬಹನಗಾಕ್ಕೆ ಮೊದಲೇ ಮುನ್ಸೂಚನೆ ಸಿಕ್ಕಿತ್ತು. ಅದೂ ನಮ್ಮಲ್ಲೇ. 2023ರ ಫೆಬ್ರುವರಿ 8ರಂದು, ಬೀರೂರು–ಚಿಕ್ಕಜಾಜೂರು ಮಾರ್ಗದ ಹೊಸದುರ್ಗ ರೋಡ್ ಸ್ಟೇಷನ್‌ನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಹೊರಡಲು ಅನುಮತಿ ಸಿಕ್ಕಿತು. ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿತ್ತು. ಹಳಿಯಲ್ಲಿ ತಪ್ಪಿತ್ತು. ಲೋಕೋ ಪೈಲಟ್ ಪಾಯಿಂಟ್ ನೋಡಿ ಗಾಡಿ ನಿಲ್ಲಿಸಿದರು. ಮರುದಿನವೇ ನೈಋತ್ಯ ರೈಲ್ವೆಯ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ವ್ಯವಸ್ಥೆಯಲ್ಲಿ ಗಂಭೀರ ದೋಷವಿದೆ, ಇದು ಇಂಟರ್‌ಲಾಕಿಂಗ್‌ನ ಮೂಲ ತತ್ವಕ್ಕೇ ವಿರುದ್ಧ ಎಂದು ಬರೆದರು. ಅದಕ್ಕೂ ಹಿಂದೆ, 2022ರ ಮೇ ತಿಂಗಳಲ್ಲಿ, ಬಹನಗಾ ಸೇರಿರುವ ಅದೇ ಖರಗ್‌ಪುರ ವಿಭಾಗದ ಬಾಂಕ್ರಾನಯಾಬಾಜ್‌ನಲ್ಲಿ ಇಂಥದೇ ತಪ್ಪು ವೈರಿಂಗ್ ಬಯಲಾಗಿತ್ತು. ಆಗಲೇ ಸರಿಪಡಿಸಿದ್ದರೆ ಬಹನಗಾ ಆಗುತ್ತಿರಲಿಲ್ಲ ಎಂದು ತನಿಖಾ ವರದಿಯೇ ಹೇಳಿತು. ಆ ಸಾಲನ್ನು ಓದಿದಾಗ ನನಗೆ ಆದ ಸಂಕಟ ಇನ್ನೂ ಕಡಿಮೆಯಾಗಿಲ್ಲ.

‘ಕವಚ್ ಬಂದರೆ ಎಲ್ಲ ಸರಿಹೋಗುತ್ತದಲ್ಲ?’ ಎಂದೂ ನಮ್ಮ ಓದುಗರು ಕೇಳಿದ್ದಾರೆ. ಕವಚ್ ಒಳ್ಳೆಯ ತಂತ್ರಜ್ಞಾನ, ಬೇಗ ಬರಬೇಕು. ಡ್ರೈವರ್ ಕೆಂಪು ದಾಟಿದರೆ ಅದು ಬ್ರೇಕ್ ಹಾಕುತ್ತದೆ. ಆದರೆ ಕವಚ್ ಕೂಡ ದಾರಿ ಎತ್ತ ಇದೆ ಎಂದು ಕೇಳುವುದು ಅದೇ ಇಂಟರ್‌ಲಾಕಿಂಗ್ ಅನ್ನು. ಹಗ್ಗ ಸುಳ್ಳು ಹೇಳಿದರೆ ಅದೂ ನಂಬುತ್ತದೆ. ಅದನ್ನು ಮಂತ್ರದ ಹಾಗೆ ಜಪಿಸುವುದು ನನಗೆ ಒಪ್ಪಿಗೆಯಿಲ್ಲ. ರಂಗಾಪಾನಿಯ ಅಪಘಾತದ ಮಾತು ಬೇರೆ, ಅಲ್ಲಿ ಸಿಗ್ನಲ್ ಸುಳ್ಳು ಹೇಳಲಿಲ್ಲ, ಕೆಟ್ಟೇ ನಿಂತಿತ್ತು. 2024ರ ಜೂನ್ 17ರಂದು ಉತ್ತರ ಬಂಗಾಳದ ಆ ಊರಿನ ಬಳಿ ಬೆಳಗಿನಿಂದ ಸಿಗ್ನಲ್ ಕೆಟ್ಟು, ಗಾಡಿಗಳನ್ನು ಚೀಟಿ ಕೊಟ್ಟು ಕಳಿಸುತ್ತಿದ್ದರು. ಆ ಹೊತ್ತಿಗೆ ಹೋದ ಗಾಡಿಗಳಲ್ಲಿ ನಿಯಮದಂತೆ ಪ್ರತಿ ಕೆಂಪಿನ ಬಳಿ ನಿಂತು ನಿಧಾನ ಹೋದದ್ದು ಸಿಯಾಲ್ದಾಕ್ಕೆ ಬರುತ್ತಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್ ಒಂದೇ. ಹಿಂದಿನಿಂದ ಗೂಡ್ಸ್ ಗಾಡಿ ಬಂದು ಅದಕ್ಕೇ ಗುದ್ದಿತು. ಸತ್ತ ಗೂಡ್ಸ್ ಲೋಕೋ ಪೈಲಟ್ ಮೇಲೆ ಮೊದಲ ದಿನ ಹೊರಿಸಿದ ತಪ್ಪನ್ನು, ತನಿಖೆ ಆಮೇಲೆ ಸರಿಯಾದ ಚೀಟಿಯನ್ನೇ ಕೊಡದ, ತರಬೇತಿಯನ್ನೂ ಕೊಡದ ವ್ಯವಸ್ಥೆಗೆ ಹಂಚಿತು.

ಇನ್ನು ಸಾಲ್ಟ್ ಲೇಕ್‌ನ ಮೆಟ್ರೊ. ಕರುಣಾಮಯಿಯಲ್ಲೋ ಸೆಂಟ್ರಲ್ ಪಾರ್ಕ್‌ನಲ್ಲೋ ಪ್ಲಾಟ್‌ಫಾರ್ಮಿನ ಗಾಜಿನ ಬಾಗಿಲು ಮುಚ್ಚುವವರೆಗೆ ಗಾಡಿ ಹೊರಡದಿರುವುದನ್ನು ನೀವು ದಿನಾ ನೋಡುತ್ತೀರಿ. ಅದೂ ಇಂಟರ್‌ಲಾಕಿಂಗೇ. ಅಲ್ಲಿ ಗಾಡಿ ರೇಡಿಯೊದಲ್ಲಿ ತಾನಿರುವ ಜಾಗವನ್ನು ಸದಾ ಹೇಳುತ್ತಿರುತ್ತದೆ. ಆ ತಂತ್ರಜ್ಞಾನದ ಹಿಂದೆಯೂ ವೈರುಗಳಿವೆ, ಗುರುತುಗಳಿವೆ, ಬಿಚ್ಚಿ ಕಟ್ಟುವ ಕೈಗಳಿವೆ. ಆದರೆ ಮೆಟ್ರೊ ರಾತ್ರಿ ನಿಲ್ಲುತ್ತದೆ. ರಿಪೇರಿಯವರಿಗೆ ಖಾಲಿ ಹಳಿ, ಹಲವು ಗಂಟೆ, ತಾಳೆ ನೋಡಲು ಬಿಡುವು ಸಿಗುತ್ತದೆ. ಬಹನಗಾದಂಥ ಮೇನ್ ಲೈನಿನಲ್ಲಿ ಒಂದು ರೈಲಿಗೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ ಪೆಟ್ಟಿಗೆ ತೆರೆಯಬೇಕು, ಮುಂದಿನ ಗಾಡಿ ಬರುವುದರೊಳಗೆ ಮುಚ್ಚಬೇಕು. ಆ ಆತುರದಲ್ಲಿ ಉಳಿದ ತಪ್ಪಿಗೆ ಕೊನೆಯ ತಡೆ ಲೋಕೋ ಪೈಲಟ್ ಕಣ್ಣು. ಹೊಸದುರ್ಗ ರೋಡಿನಲ್ಲಿ ಆಗಷ್ಟೇ ಹೊರಟ ಗಾಡಿ ನಿಧಾನವಾಗಿತ್ತು, ಸಂಜೆಯ ಬೆಳಕಿತ್ತು, ಪಾಯಿಂಟ್ ಕಣ್ಣಿಗೆ ಬಿತ್ತು. ಕೋರಮಂಡಲ್ ಸೆಕೆಂಡಿಗೆ 35 ಮೀಟರ್ ಓಡುತ್ತಿತ್ತು, ಕತ್ತಲಾಗುತ್ತಿತ್ತು, ಎದುರಿಗೆ ಹಸಿರು ದೀಪವಿತ್ತು.