ಜಗಲಿಯ ಮೇಲಿನ ಪಾಠಶಾಲೆ

ಒಂದು ಭಾಷೆಯನ್ನು ಬಲ್ಲೆನೆಂದು ಮನುಷ್ಯನು ಯಾವಾಗ ಹೇಳಿಕೊಳ್ಳಬಹುದು? ಅದರ ವ್ಯಾಕರಣ ಕರಗತವಾದಾಗಲೇ? ದಿನಪತ್ರಿಕೆಯನ್ನು ತಡವರಿಸದೆ ಓದಲು ಬಂದಾಗಲೇ? ತಪ್ಪಿಲ್ಲದೆ ಪ್ರಬೋಧನೆ ನೀಡಲು ಸಮರ್ಥನಾದಾಗಲೇ? ಸುಮಾರು ಮೂರು ದಶಕಗಳ ಹಿಂದೆ, ಗುರುದೀಕ್ಷೆ ಪಡೆದ ಹೊಸತರಲ್ಲಿ ಯಾರಾದರೂ ಕೇಳಿದ್ದರೆ ಈ ಮೂರು ಪ್ರಶ್ನೆಗಳಿಗೂ ಹೌದೆಂದೇ ಉತ್ತರಿಸುತ್ತಿದ್ದೆ. ಇಂದು ಹಾಗೆ ಉತ್ತರಿಸುವ ಧೈರ್ಯ ನನಗಿಲ್ಲ. ಆ ಧೈರ್ಯವನ್ನು ಕಳೆದುಕೊಂಡ ಬಗೆಯನ್ನು ಈ ವಾರ ಓದುಗರ ಮುಂದೆ ನಿವೇದಿಸಿಕೊಳ್ಳುತ್ತೇನೆ.

ನನ್ನ ಮಾತೃಭಾಷೆ ಕೊಂಕಣಿ. ಶಾಲೆಯಲ್ಲಿ ಓದಿದ್ದು ಕನ್ನಡ. ಕರಾವಳಿಯವರಾದ ನಮ್ಮ ಕನ್ನಡವನ್ನು ಘಟ್ಟದ ಮೇಲಿನವರು ‘ಪುಸ್ತಕದ ಕನ್ನಡ’ವೆಂದು ನಗೆಯಾಡುವುದುಂಟು. ಆ ನಗೆಯಲ್ಲಿ ಸತ್ಯವೂ ಉಂಟು. ಮನೆಯಲ್ಲಿ ಕೊಂಕಣಿ, ಅಂಗಳದಾಚೆ ತುಳು, ತರಗತಿಯಲ್ಲಿ ಮಾತ್ರ ಕನ್ನಡ ಎಂಬಂತೆ ಬೆಳೆದ ನಮಗೆ ಕನ್ನಡವು ಕಿವಿಯಿಂದ ಬಂದುದಕ್ಕಿಂತ ಕಣ್ಣಿನಿಂದ ಬಂದದ್ದೇ ಹೆಚ್ಚು. ಪರೀಕ್ಷೆಗಳಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದ ನಾನು ಮಲೆನಾಡಿನ ಒಂದು ಚಿಕ್ಕ ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ಹೋದಾಗ, ಭಾಷೆಯ ವಿಷಯದಲ್ಲಿ ನನಗೆ ಯಾವ ಅಳುಕೂ ಇರಲಿಲ್ಲ.

ಒಂದು ಮಳೆಗಾಲದ ಸಂಜೆ ನಡುವಯಸ್ಸಿನ ಕೃಷಿಕರೊಬ್ಬರು ಗುರುನಿವಾಸಕ್ಕೆ ಬಂದರು. “ಸ್ವಾಮಿ, ಅಮ್ಮಂಗೆ ಎರಡು ದಿನದಿಂದ ಗಂಜಿ ಸೇರ್ತಾ ಇಲ್ಲ. ನಿಮ್ಗೊಂದು ಮಾತು ಹೇಳಿ ಬಾ ಅಂದ್ರು ಅಪ್ಪ” ಎಂದರು. ಊಟ ಸೇರದು ಎಂದರೆ ರುಚಿಸದು ಎಂದು ನಾನು ಓದಿ ತಿಳಿದಿದ್ದೆ. ವೃದ್ಧೆಗೆ ಬಾಯಿರುಚಿ ಕೆಟ್ಟಿರಬೇಕೆಂದು ಭಾವಿಸಿ, ವೈದ್ಯರಿಗೆ ತೋರಿಸುವಂತೆ ಹೇಳಿ, ಮರುದಿನ ಬಲಿಪೂಜೆ ಮುಗಿಸಿ ಬರುವುದಾಗಿ ಮಾತುಕೊಟ್ಟೆ. ಅವರು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆಯೇ ನಿಂತಿದ್ದರು. ಅನಂತರ “ಹಾಗೇ ಆಗ್ಲಿ ಸ್ವಾಮಿ” ಎಂದು ಕೊಡೆ ಬಿಚ್ಚಿಕೊಂಡು ಕತ್ತಲೆಯಲ್ಲಿ ಹೊರಟುಹೋದರು. ಬೆಳಗಾಗುವುದರೊಳಗೆ ಆ ತಾಯಿ ತೀರಿಕೊಂಡಿದ್ದರು. ಅಭ್ಯಂಗ ಸಂಸ್ಕಾರವೂ ಇಲ್ಲ, ಪರಮಪ್ರಸಾದವೂ ಇಲ್ಲ.

ಮನೆಯ ಹಿರಿಯರು ಮರಣಶಯ್ಯೆಯಲ್ಲಿರುವಾಗ ಆ ಮಾತನ್ನು ಬಾಯಿಬಿಟ್ಟು ಆಡಬಾರದೆಂಬುದು ಆ ಜನರ ಮರ್ಯಾದೆ. ‘ಕೊನೆಯ ಸಂಸ್ಕಾರಕ್ಕೆ ಬನ್ನಿ’ ಎಂದು ನೇರವಾಗಿ ಕರೆದರೆ ಸಾವನ್ನು ತಾವೇ ಮನೆಗೆ ಆಹ್ವಾನಿಸಿದಂತೆ ಎಂದು ಅವರು ಅಳುಕುತ್ತಾರೆ. ಆದುದರಿಂದ ಗಂಜಿಯ ಮಾತನ್ನು ಆಡಿದರು. ಮಿಕ್ಕಿದ್ದನ್ನು ಮೆಟ್ಟಿಲ ಮೇಲೆ ನಿಂತ ಆ ಮೌನ ಹೇಳುತ್ತಿತ್ತು. ನಾನು ಪ್ರತಿಯೊಂದು ಪದವನ್ನೂ ಅರ್ಥಮಾಡಿಕೊಂಡಿದ್ದೆ. ಮಾತನ್ನು ಮಾತ್ರ ಅರ್ಥಮಾಡಿಕೊಂಡಿರಲಿಲ್ಲ.

ಅಂತ್ಯಕ್ರಿಯೆಯ ಬಳಿಕ ಕ್ಷಮೆ ಕೇಳಲು ಆ ಮನೆಗೆ ಹೋದೆ. ಮೃತರ ಪತಿ, ಎಂಬತ್ತರ ಸಮೀಪದ ಹಿರಿಯರು, ನನ್ನನ್ನು ಗದರಲಿಲ್ಲ. “ಓದಿದ ಕನ್ನಡ ಬೇರೆ, ಇಲ್ಲಿಯ ಕನ್ನಡ ಬೇರೆ ಸ್ವಾಮಿ. ವಾರಕ್ಕೊಂದು ಸಲ ಬಂದು ಕೂತ್ಕೊಳ್ಳಿ, ತಾನಾಗಿ ಬರುತ್ತೆ” ಎಂದಷ್ಟೇ ಹೇಳಿದರು.

ಕೊಟ್ಟು ಕೊಳ್ಳುವ ಮಾತು

ಅಂದಿನಿಂದ ಪ್ರತಿ ಗುರುವಾರ ಸಂಜೆ ಅವರ ಮನೆಯ ಜಗಲಿಯೇ ನನ್ನ ಪಾಠಶಾಲೆಯಾಯಿತು. ಒಂದು ಸಂಜೆ ಜಪಸರ ಮುಗಿದ ಮೇಲೆ ಸೊಸೆಗೆ “ದೀಪ ದೊಡ್ಡದು ಮಾಡು” ಎಂದರು. ನಾನೇ ಮುಂದಾಗಿ ಬತ್ತಿಯನ್ನು ಏರಿಸಿದೆ, ಮನೆಯವರೆಲ್ಲ ನಕ್ಕರು. ದೀಪವನ್ನು ಆರಿಸು ಎನ್ನುವುದು ಅಶುಭವಾದ್ದರಿಂದ ದೊಡ್ಡದು ಮಾಡು ಎನ್ನುತ್ತಾರೆ. ಬಳೆ ಒಡೆಯಿತು ಎನ್ನದೆ ಬಳೆ ಹೆಚ್ಚಿತು ಎನ್ನುತ್ತಾರೆ. ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ನಷ್ಟವನ್ನು ಸಮೃದ್ಧಿಯ ಮಾತಿನಿಂದ, ಅಗಲಿಕೆಯನ್ನು ಮರಳುವಿಕೆಯ ಮಾತಿನಿಂದ ಮುಚ್ಚುವ ಈ ಪದ್ಧತಿ ತಿಳಿದಿದ್ದರೆ, ಆ ರಾತ್ರಿ ನಾನು ಕೊಡೆ ಹಿಡಿದು ಅವರ ಹಿಂದೆಯೇ ಹೊರಡುತ್ತಿದ್ದೆ.

ಆದರೆ ಕಲಿತವನು ನಾನೊಬ್ಬನೇ ಅಲ್ಲ. ಆ ಹಿರಿಯರು ಸಮುದ್ರವನ್ನು ಕಂಡವರಲ್ಲ. ಅವರು ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ಮಳೆಗಳ ಹೆಸರುಗಳನ್ನೂ ಯಾವ ಮಳೆಗೆ ಯಾವ ಕೆಲಸ ಎಂಬುದನ್ನೂ ಹೇಳಿಕೊಟ್ಟರೆ, ನಾನು ಅದೇ ಮಳೆಯಲ್ಲಿ ಕಡಲು ಹೇಗೆ ಕೆರಳುತ್ತದೆ, ದೋಣಿಗಳು ಏಕೆ ದಡದಲ್ಲಿ ನಿಲ್ಲುತ್ತವೆ ಎಂಬುದನ್ನು ಹೇಳುತ್ತಿದ್ದೆ. ಒಂದು ದಿನ ಅವರು “ನಿಮ್ಮ ಭಾಷೇಲಿ ಉಪಕಾರ ಅನ್ನೋಕೆ ಏನಂತೀರಿ?” ಎಂದು ಕೇಳಿದರು. ‘ದೇವ್ ಬರೆಂ ಕರುಂ’ ಎಂದೆ. ಅದರ ಅರ್ಥವೇನೆಂದು ಮತ್ತೆ ಕೇಳಿದರು. ‘ದೇವರು ಒಳಿತನ್ನು ಮಾಡಲಿ’ ಎಂದು ಬಿಡಿಸಿ ಹೇಳುವಾಗ, ಹುಟ್ಟಿದಾಗಿನಿಂದ ಆಡುತ್ತಿದ್ದ ಆ ಮಾತು ಒಂದು ಪ್ರಾರ್ಥನೆಯೆಂಬುದು ನನಗೆ ಮೊದಲ ಬಾರಿಗೆ ಹೊಳೆಯಿತು. ಪರರ ಭಾಷೆಯನ್ನು ಕಲಿಯಲು ಹೋದವನಿಗೆ ತನ್ನ ಭಾಷೆಯೇ ಹೊಸದಾಗಿ ದೊರೆತಿತ್ತು.

ಚರಿತ್ರೆಯ ಸಾಕ್ಷ್ಯ

ಧರ್ಮಸಭೆಯ ಚರಿತ್ರೆಯಲ್ಲಿ ಇಂತಹ ಜಗಲಿಗಳು ಅನೇಕ. ಯೇಸುಸಭೆಯ ಮತ್ತೇಯೊ ರಿಚ್ಚಿ 1582ರಲ್ಲಿ ಮಕಾವುವನ್ನು ತಲಪಿ, ಮರುವರ್ಷ ಚೀನಾದ ಒಳನಾಡನ್ನು ಪ್ರವೇಶಿಸಿದರು. ತಮ್ಮ ಸಂಗಡಿಗ ಮಿಕೇಲೆ ರುಜ್ಜಿಯೇರಿಯವರೊಡನೆ ಪೋರ್ತುಗೀಸ್–ಚೀನೀ ಪದಕೋಶವನ್ನೂ ಸಿದ್ಧಪಡಿಸಿದರು. ಆದರೆ ಬೌದ್ಧ ಭಿಕ್ಷುಗಳಂತೆ ತಲೆ ಬೋಳಿಸಿ ಉಡುಪು ಧರಿಸಿದ್ದ ಅವರನ್ನು ವಿದ್ವಾಂಸವರ್ಗವು ಸರಿಸಮಾನರೆಂದು ಎಣಿಸಲಿಲ್ಲ. ಈ ಸಂಗತಿ ಯಾವ ಪದಕೋಶದಲ್ಲಿಯೂ ಇರಲಿಲ್ಲ. ಅದನ್ನು ತಿಳಿಸಿದವರು ಛೂ ತಾಯ್ಸು ಎಂಬ ಮಿತ್ರರು. ರಸವಿದ್ಯೆಯನ್ನು ಕಲಿಯುವ ಆಸೆಯಿಂದ ರಿಚ್ಚಿಯವರ ಬಳಿಗೆ ಬಂದ ಅವರು, ಅದರ ಬದಲಿಗೆ ಗಣಿತವನ್ನು ಕಲಿತರು. ಪ್ರತಿಯಾಗಿ ಪಂಡಿತರ ಉಡುಪನ್ನು ಧರಿಸುವಂತೆ ಸಲಹೆ ನೀಡಿದರು. 1595ರಲ್ಲಿ ರಿಚ್ಚಿ ಆ ಉಡುಪನ್ನು ಧರಿಸಿದರು. ಅದೇ ವರ್ಷ ಚೀನೀ ಭಾಷೆಯಲ್ಲಿ ಅವರು ಬರೆದ ಕಿರುಹೊತ್ತಗೆಯ ವಿಷಯ ಯಾವುದೆಂದು ಬಲ್ಲಿರಾ? ಸ್ನೇಹ! ಮುಂದೆ ಶು ಗ್ವಾಂಗ್‌ಚಿ ಎಂಬ ವಿದ್ವಾಂಸರೊಡನೆ ಕುಳಿತು ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಅನುವಾದಿಸಿ 1607ರಲ್ಲಿ ಪ್ರಕಟಿಸಿದರು. 2022ರಲ್ಲಿ ಪೋಪ್ ಫ್ರಾನ್ಸಿಸರು ರಿಚ್ಚಿಯವರನ್ನು ‘ಪೂಜ್ಯ’ರೆಂದು ಘೋಷಿಸಿದರು.

ನಮ್ಮ ನಾಡಿನಲ್ಲಿಯೂ ಇಂತಹವರ ಪರಂಪರೆಯಿದೆ. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸರು ಜನರ ಪುರಾಣಶ್ರವಣದ ಅಭಿರುಚಿಯನ್ನು ಅರಿತು, ಮರಾಠಿಯಲ್ಲಿ ‘ಕ್ರಿಸ್ತಪುರಾಣ’ವನ್ನು ರಚಿಸಿದರು; ಅದು 1616ರಲ್ಲಿ ಅಚ್ಚಾಯಿತು. ಅವರ ಕೊಂಕಣಿ ವ್ಯಾಕರಣವು ಅವರ ಮರಣಾನಂತರ, 1640ರಲ್ಲಿ ಹೊರಬಂದಿತು. 17ನೇ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಪ್ರೇಷಿತ ಕಾರ್ಯಕ್ಕೆ ಅಡಿಗಲ್ಲಿಟ್ಟ ಲಿಯೊನಾರ್ದೊ ಚಿನ್ನಾಮಿಯವರು ಕನ್ನಡವನ್ನು ಕಲಿತು ಅದರಲ್ಲಿಯೇ ಧರ್ಮೋಪದೇಶವನ್ನು ಬರೆದರು. ಮಂಗಳೂರಿನಲ್ಲಿ ಇಟಲಿಯ ಮಫ್ಫೆಯಿ ಗುರುಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ನೀಡಿದರು. ಪ್ರೊಟೆಸ್ಟಂಟ್ ಸೋದರರಾದ ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟಂತೂ ಇಂದಿಗೂ ಕನ್ನಡಿಗರ ಹೆಮ್ಮೆಯ ಆಸ್ತಿ. ಇವರಾರೂ ಕೇವಲ ಪುಸ್ತಕಗಳಿಂದ ಕಲಿತವರಲ್ಲ; ಇವರಿಗೆ ಮೊದಲು ಬೇಕಾದಷ್ಟು ಪುಸ್ತಕಗಳೇ ಇರಲಿಲ್ಲ. ನೆಲದ ಜನರ ಮುಂದೆ ಶಿಷ್ಯರಾಗಿ ಕುಳಿತುದರಿಂದಲೇ ಇವರು ಮುಂದಿನವರಿಗೆ ಗುರುಗಳಾದರು.

ಸಂಭಾಷಣೆಯೇ ಏಕೆ?

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುವಾಗ ವಿಟ್‌ಗೆನ್‌ಸ್ಟೈನನ ವಿಚಾರವೊಂದನ್ನು ಕಂಠಪಾಠ ಮಾಡಿದ್ದೆವು: ಪದದ ಅರ್ಥವನ್ನು ಅದರ ಬಳಕೆಯಲ್ಲಿ ಹುಡುಕಬೇಕು ಎಂಬುದು ಅದರ ಸಾರ. ಗಂಜಿಯ ಪ್ರಸಂಗದವರೆಗೆ ಅದು ನನಗೆ ಪರೀಕ್ಷೆಯ ಉತ್ತರ ಮಾತ್ರವಾಗಿತ್ತು. ನಿಘಂಟು ‘ಈ ಪದಕ್ಕೆ ಅರ್ಥವೇನು’ ಎಂಬುದನ್ನು ಹೇಳುತ್ತದೆ. ಅದನ್ನು ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಹೇಳುತ್ತಾರೆ, ಯಾವಾಗ ಹೇಳಬಾರದು, ಹೇಳದೆ ಬಿಟ್ಟದ್ದನ್ನು ಹೇಗೆ ತಿಳಿಯಬೇಕು ಎಂಬುದನ್ನು ಎದುರಿಗೆ ಕುಳಿತ ಮನುಷ್ಯನೇ ಹೇಳಬೇಕು. ಗಾಡಮರ್ ಎಂಬ ಜರ್ಮನ್ ತತ್ತ್ವಜ್ಞಾನಿ 1960ರಲ್ಲಿ ಪ್ರಕಟಿಸಿದ ತನ್ನ ಮಹಾಕೃತಿಯಲ್ಲಿ, ಅರಿವೆಂಬುದು ಎರಡು ದಿಗಂತಗಳ ಕೂಡಿಕೆ ಎಂದು ಪ್ರತಿಪಾದಿಸಿದ. ಕಡಲಿನ ದಿಗಂತ ಮತ್ತು ಗದ್ದೆಯ ದಿಗಂತಗಳು ಒಂದು ಜಗಲಿಯ ಮೇಲೆ ಕೂಡಿದ್ದನ್ನು ಕಂಡವನಿಗೆ ಆ ಮಾತು ಕಠಿಣವೆನಿಸದು.

ಇಲ್ಲಿ ಇನ್ನೊಂದು ಪ್ರಯೋಜನವೂ ಉಂಟು. ಒಬ್ಬನೇ ಕಲಿಸುತ್ತ ಇನ್ನೊಬ್ಬನೇ ಕಲಿಯುತ್ತ ಹೋದರೆ ಕಲಿಯುವವನಿಗೆ ನಾಚಿಕೆ, ಕಲಿಸುವವನಿಗೆ ಬೇಸರ. ಇಬ್ಬರೂ ಸರದಿಯಂತೆ ಗುರುವೂ ಶಿಷ್ಯರೂ ಆದರೆ ಇಬ್ಬರೂ ತಪ್ಪು ಮಾಡುತ್ತಾರೆ. ಆದುದರಿಂದ ಯಾರಿಗೂ ತಪ್ಪಿನ ಭಯವಿರದು. ತಪ್ಪಿಗೆ ಅಂಜದ ನಾಲಿಗೆಯೇ ಬೇಗ ಪಳಗುತ್ತದೆ.

ನಮ್ಮ ಮನೆ, ನಮ್ಮ ಧರ್ಮಕೇಂದ್ರ

ಇಂದು ನಮ್ಮ ದೇವಾಲಯಗಳ ಹಿಂದಿನ ಸಾಲಿನ ಪೀಠಗಳನ್ನು ಗಮನಿಸಿರಿ. ಝಾರ್ಖಂಡ್, ಒಡಿಶಾ, ಅಸ್ಸಾಮಿನ ಕಡೆಗಳಿಂದ ತೋಟಗಳಿಗೂ ಕಟ್ಟಡದ ಕೆಲಸಗಳಿಗೂ ಬಂದ ಯುವಕರು ಅಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಅನೇಕರು ನಮ್ಮ ವಿಶ್ವಾಸದವರೇ. ಪೂಜೆ ಮುಗಿದೊಡನೆ ಯಾರೊಡನೆಯೂ ಮಾತಿಲ್ಲದೆ ಹೊರಟುಹೋಗುತ್ತಾರೆ. ‘ಅವರಿಗೆ ಕನ್ನಡ ಬಾರದು’ ಎನ್ನುತ್ತೇವೆ. ಬರುವುದಾದರೂ ಹೇಗೆ? ಮೇಸ್ತ್ರಿಯ ಆಜ್ಞೆಗಳಷ್ಟೇ ಕಿವಿಗೆ ಬೀಳುವ ಕನ್ನಡವಾದರೆ, ಅವರಿಗೆ ಕನ್ನಡವೆಂದರೆ ಗದರುವ ಭಾಷೆಯೆಂದೇ ತೋರೀತು. ಒಂದು ಭಾನುವಾರ ಅವರಲ್ಲಿ ಇಬ್ಬರನ್ನು ಮನೆಗೆ ಊಟಕ್ಕೆ ಕರೆಯಿರಿ. ಅರ್ಧ ಗಂಟೆ ನಿಮ್ಮ ಭಾಷೆ, ಅರ್ಧ ಗಂಟೆ ಅವರ ಭಾಷೆ ಎಂದು ಹಂಚಿಕೊಳ್ಳಿರಿ. ಬಟ್ಟಲಿನಲ್ಲಿರುವ ಅನ್ನದಿಂದ, ಗೋಡೆಯ ಮೇಲಿನ ಚಿತ್ರದಿಂದ ಮಾತು ಆರಂಭವಾಗಲಿ. ತಪ್ಪಾದಾಗ ನಗದಿರಿ, ಸರಿಯಾದ ಮಾತನ್ನು ನೀವು ಒಮ್ಮೆ ಆಡಿದರೆ ಸಾಕು, ಅವರೇ ತಿದ್ದಿಕೊಳ್ಳುತ್ತಾರೆ. ‘ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ’ ಎಂದು ಕೇಳುವುದರ ಜೊತೆಗೆ ‘ಇದನ್ನು ಯಾವಾಗ ಹೇಳಬಾರದು’ ಎಂದೂ ಕೇಳಿರಿ. ಆ ಎರಡನೆಯ ಪ್ರಶ್ನೆಯನ್ನು ನಾನು ಕಲಿತುದು ಬಹಳ ದುಬಾರಿ ಬೆಲೆಗೆ.

ಹೊರಗಿನವರಷ್ಟೇ ಏಕೆ? ಅಜ್ಜ-ಅಜ್ಜಿಯರ ಕೊಂಕಣಿ ಅಥವಾ ಕನ್ನಡ ಅರ್ಥವಾಗದೆ ಇಂಗ್ಲಿಷಿನಲ್ಲಿಯೇ ಬೆಳೆಯುತ್ತಿರುವ ಮೊಮ್ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಒಂದೇ ಮಾಡಿನ ಕೆಳಗೆ ಎರಡು ದೇಶಗಳಿವೆ. ಮೊಮ್ಮಗಳು ಅಜ್ಜಿಗೆ ಫೋನಿನಲ್ಲಿ ಸಂದೇಶ ಕಳುಹಿಸುವುದನ್ನು ಕಲಿಸಲಿ; ಅಜ್ಜಿ ಮೊಮ್ಮಗಳಿಗೆ ತನ್ನ ಪ್ರಾರ್ಥನೆಗಳನ್ನು ಕಲಿಸಲಿ. ಮುಂದೊಂದು ದಿನ ಅಜ್ಜಿಗೆ ಗಂಜಿ ಸೇರದಾದಾಗ, ಆ ಮಾತಿನ ಅರ್ಥವನ್ನು ತಿಳಿಯಬಲ್ಲವರು ಮನೆಯಲ್ಲಿ ಇರಬೇಕಲ್ಲವೇ?

ಯೊವಾನ್ನರ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಪ್ರಭು ಯೇಸು ದಣಿದು ಬಾವಿಯ ಬಳಿ ಕುಳಿತಿರುತ್ತಾರೆ. ಯೆಹೂದ್ಯರಿಗೂ ಸಮಾರಿಯದವರಿಗೂ ಬಳಕೆ ಇಲ್ಲದ ಕಾಲವದು. ಅಲ್ಲಿಗೆ ಬಂದ ಸಮಾರಿಯದ ಸ್ತ್ರೀಯೊಡನೆ ಯೇಸು ಉಪದೇಶದಿಂದ ಮಾತನ್ನು ಆರಂಭಿಸಲಿಲ್ಲ. ಕುಡಿಯಲು ನೀರು ಬೇಡಿದರು. ಜೀವಜಲವನ್ನು ನೀಡಬಲ್ಲವರು ಮೊದಲು ಬಾವಿಯ ನೀರಿಗೆ ಕೈಯೊಡ್ಡಿದರು. ಆ ಸಂಭಾಷಣೆ ಮುಗಿಯುವಷ್ಟರಲ್ಲಿ ಆಕೆ ತನ್ನ ಕೊಡವನ್ನು ಅಲ್ಲಿಯೇ ಬಿಟ್ಟು ಊರಿನವರನ್ನು ಕರೆಯಲು ಓಡಿದ್ದಳು. ಆ ಊರಿನವರ ಬಿನ್ನಹದಂತೆ ಪ್ರಭು ಎರಡು ದಿನ ಅವರೊಡನೆ ತಂಗಿದರು.

ಮಲೆನಾಡಿನ ಆ ಹಿರಿಯರು ಇಂದು ಇಲ್ಲ. ಅವರ ಕೊನೆಯ ಮಳೆಗಾಲದಲ್ಲಿ ಅದೇ ಮಗ ಅದೇ ಮೆಟ್ಟಿಲಿಗೆ ಬಂದು, “ಅಪ್ಪ ನಿಮ್ಮನ್ನು ನೋಡಿ ಬಹಳ ದಿನ ಆಯ್ತು ಅಂತಿದ್ರು ಸ್ವಾಮಿ” ಎಂದರು. ಹಿಂದಿನ ಗುರುವಾರವಷ್ಟೇ ನಾನು ಅವರ ಮನೆಗೆ ಹೋಗಿ ಬಂದಿದ್ದೆ. ಮರುಮಾತಾಡದೆ ಅಭ್ಯಂಗದ ತೈಲವನ್ನೂ ಕೊಡೆಯನ್ನೂ ಎತ್ತಿಕೊಂಡು ಅವರೊಡನೆಯೇ ಹೊರಟೆ.